ಸಾವಿರದ ನೋಟು ಪೆಟ್ಟಿಗೆಯಲ್ಲೇಕೆ ಉಳಿಯಲಿಲ್ಲ?

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳೆಯ ಮನೆಯೊಂದರ ಪೆಟ್ಟಿಗೆಯ ತಳದಲ್ಲಿ ನಿಜಾಮರ ಕಾಲದ ಒಂದು ಅಥವಾ ಐದು ರೂಪಾಯಿಯ ನೋಟು ಸಿಕ್ಕರೆ ಅಚ್ಚರಿಯಿಲ್ಲ. ಸಾವಿರದ ನೋಟು ಸಿಕ್ಕರೆ ಮಾತ್ರ ಅದು ದೊಡ್ಡ ಸುದ್ದಿ! ಎರಡೂ ಒಂದೇ ಸರ್ಕಾರದ ನೋಟುಗಳು. ಹಾಗಿದ್ದರೆ ಈ ವ್ಯತ್ಯಾಸ ಏಕೆ?

1948ರವರೆಗೆ ಈ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ ರೂಪಾಯಿಗೆ ‘ಹಾಲಿ’ ಎಂದೂ ಬ್ರಿಟಿಷ್ ಇಂಡಿಯಾದ ರೂಪಾಯಿಗೆ ‘ಕಲ್ದಾರ್’ ಎಂದೂ ಹೆಸರು. ಏಳು ಹಾಲಿಗೆ ಆರು ಕಲ್ದಾರ್. ನಿಜಾಮರ ರೈಲು ಮುಂಬಯಿ ಮಾರ್ಗವನ್ನು ಕೂಡುತ್ತಿದ್ದುದು ವಾಡಿಯಲ್ಲಿ. ಅಲ್ಲಿಂದ ಮುಂದೆ ಹೋಗುವ ಪ್ರಯಾಣಿಕನಿಗೂ, ಹೊರಗೆ ಕಲ್ಲು ಮಾರುವ ಶಹಾಬಾದಿನ ವ್ಯಾಪಾರಿಗೂ ಈ ಲೆಕ್ಕ ತಿಳಿದಿರಬೇಕಿತ್ತು.

1918ರಲ್ಲಿ ಸಂಸ್ಥಾನ ಹತ್ತು ಮತ್ತು ನೂರರ ನೋಟುಗಳನ್ನು ಹೊರಡಿಸಿತು. ಮರುವರ್ಷ ಒಂದು ಮತ್ತು ಐದರ ನೋಟುಗಳು ಬಂದವು, 1926ರಲ್ಲಿ ಸಾವಿರದ್ದು. ಸಾವಿರ ಹಾಲಿ ಎಂದರೆ ಸುಮಾರು 857 ಕಲ್ದಾರ್. ಹೊಲದಲ್ಲಿ ದುಡಿಯುವವರ ಕೈಗೆ ಅದು ಬರುವುದುಂಟೇ?

1951ರಲ್ಲಿ ಹಾಲಿ ನೋಟುಗಳ ವಿತರಣೆ ನಿಂತಿತು. 1959ರಲ್ಲಿ ಅವುಗಳ ಮಾನ್ಯತೆಯೇ ರದ್ದಾಯಿತು. ಒಂದು ರೂಪಾಯಿ ಮರೆತು ಉಳಿದರೆ ನಷ್ಟ ಅಲ್ಪ. ಸಾವಿರವನ್ನು ಯಾರು ಮರೆತಾರು? ಗಡುವಿನೊಳಗೆ ಬದಲಾಯಿಸಿಕೊಂಡೇ ತೀರುತ್ತಿದ್ದರು. ಹಿಂತಿರುಗಿದ ನೋಟು ನಾಶವಾಗುತ್ತಿತ್ತು. ಭಾರತ ಸರ್ಕಾರ 1946ರಲ್ಲಿ ಮತ್ತು 1978ರಲ್ಲಿ ದೊಡ್ಡ ನೋಟುಗಳನ್ನು ರದ್ದು ಮಾಡಿದಾಗಲೂ ಹೀಗೆಯೇ ಆಯಿತು. ಆದ್ದರಿಂದಲೇ ಹಳೆಯ ಹತ್ತು ಸಾವಿರದ ನೋಟು ಸಂಗ್ರಾಹಕರಿಗೂ ಅಪರೂಪ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1922ರಲ್ಲಿ ಫ್ರಾನ್ಸಿನ ಕರಾವಳಿಯಾಚೆ ‘ಈಜಿಪ್ಟ್’ ಎಂಬ ಹಡಗು ಮುಳುಗಿತು. ಅದರಲ್ಲಿ ಚಿನ್ನ, ಬೆಳ್ಳಿಯೊಡನೆ ಹೈದರಾಬಾದಿಗೆ ಬರಬೇಕಿದ್ದ ನೋಟುಗಳಿದ್ದವು. 1930ರ ದಶಕದಲ್ಲಿ ಮೇಲೆತ್ತಿದ ಅವುಗಳಲ್ಲಿ ಕೆಲವು ಈಗಲೂ ಸಂಗ್ರಾಹಕರಲ್ಲಿವೆ. ಕಡಲು ನುಂಗಿದ್ದು ಉಳಿಯಿತು. ಖಜಾನೆಗೆ ಮರಳಿದ್ದು ಉಳಿಯಲಿಲ್ಲ!

ಮನೆಯಲ್ಲಿ ಹಳೆಯ ನೋಟು ಸಿಕ್ಕರೆ ಅದಕ್ಕೆ ಅಂಟುಪಟ್ಟಿ ಹಚ್ಚಬಾರದು. ಅದರ ಅಂಟು ಕಾಗದದ ನಾರಿನೊಳಗೆ ಇಳಿದು ಕಂದು ಕಲೆ ಉಳಿಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ಇಸ್ತ್ರಿಯೂ ಬೇಡ. ಒಣಗಿದ, ಬಿಸಿಲು ಬೀಳದ ಜಾಗದಲ್ಲಿ ಮಡಿಸದೆ ಇಟ್ಟರೆ ಸಾಕು.

ಲಕ್ಷ ಲಕ್ಷ ಬರುತ್ತದೆಂಬ ಮಾತು ಕೇಳಿ ಮಾರಲು ಓಡುವ ಮೊದಲು ಮಕ್ಕಳು ಅದನ್ನು ಬೆಳಕಿಗೆ ಹಿಡಿದು ನೋಡಲಿ. ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳ ಜೊತೆಗೆ ಕನ್ನಡದಲ್ಲೂ ಅದರ ಬೆಲೆ ಬರೆದಿದೆ. ಆ ಹಣದಿಂದ ಏನೇನು ಬರುತ್ತಿತ್ತೆಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಲಿ. ನೋಟಿಗಿಂತ ಬೇಗ ಮರೆಯಾಗುವುದು ಆ ನೆನಪು.