ಮನೆ ನೋಡಹೊರಟವರಿಗೆ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿಯು ಜಿಲ್ಲಾ ಕೇಂದ್ರವಾಯಿತು. ಕಚೇರಿಗಳೊಡನೆ ನೌಕರರು ಬಂದರು; ಅವರ ಬೆನ್ನಿಗೇ ನಿವೇಶನದ ವ್ಯಾಪಾರವೂ ಬಂದಿತು. ಬಾಡಿಗೆಯ ಮನೆಗಳಲ್ಲಿ ಬೇಸತ್ತ ಗೃಹಸ್ಥನಿಗೆ ಹಾವೇರಿ ಒಗ್ಗದಿದ್ದರೆ ಅದೇ ರೈಲುದಾರಿಯಲ್ಲಿ ಬ್ಯಾಡಗಿಯುಂಟು, ರಾಣೆಬೆನ್ನೂರುಂಟು.

ಮನೆ ನೋಡಹೋದವರು ಪಡಸಾಲೆ ನೋಡುತ್ತಾರೆ, ಹಿತ್ತಿಲು ನೋಡುತ್ತಾರೆ. ಉತಾರವನ್ನು ಮಾತ್ರ ಕೊನೆಗೆ ಕೇಳುತ್ತಾರೆ. ಜನ್ಮದ ಗಳಿಕೆ ಮುಳುಗುವುದು ಇಲ್ಲಿಯೇ. ಊರಂಚಿನ ಹೊಲವನ್ನು ಗುಂಟೆಯ ಲೆಕ್ಕದಲ್ಲಿ ತುಂಡರಿಸಿ ಅಗ್ಗವಾಗಿ ಮಾರುವವರುಂಟು. 1964ರ ಭೂಕಂದಾಯ ಅಧಿನಿಯಮದ 95ನೆಯ ಕಲಮಿನಂತೆ ಆ ನೆಲ ಬಿನಶೇತಕಿಯಾಗಿರದಿದ್ದರೆ ಬ್ಯಾಂಕಿನ ಸಾಲವೂ ಕಷ್ಟ, ಕಟ್ಟಡದ ಪರವಾನಗಿಯೂ ಕಷ್ಟ. ಪಟ್ಟಣದಲ್ಲಾದರೆ ಇ-ಖಾತೆ, ಗ್ರಾಮ ಪಂಚಾಯತಿಯಲ್ಲಾದರೆ ಇ-ಸ್ವತ್ತಿನ 9 ಮತ್ತು 11ನೆಯ ನಮೂನೆಗಳನ್ನು ಕೇಳಬೇಕು. ಉತಾರದಲ್ಲಿ ಬೋಜಾ ಉಂಟೋ ಎಂಬುದನ್ನು ಕಂಡು, ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನೂ ತೆಗೆಸಬೇಕು.

ಹಿರಿಯರ ಆಸ್ತಿಯಾದರೆ ಇನ್ನೊಂದು ತೊಡಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಹೆಣ್ಣುಮಕ್ಕಳೂ ಸಮಾನ ಹಕ್ಕುದಾರರು. ಅಣ್ಣತಮ್ಮಂದಿರ ಸಹಿಯಷ್ಟೇ ಸಾಲದು. ಗಂಡನ ಮನೆಯಲ್ಲಿರುವ ತಂಗಿಯ ಸಹಿಯೂ ಬೇಕು. ‘ಆಕೆ ನಮ್ಮವಳೇ, ಬಿಡಿ’ ಎಂಬ ಮಾತನ್ನು ನಂಬಿದವರು ಮುಂದೆ ನ್ಯಾಯಾಲಯದ ಮೆಟ್ಟಿಲೇರಬೇಕಾದೀತು.

ನೆಲವನ್ನೂ ನೋಡಬೇಕು. ಎರೆಭೂಮಿ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ತಳಪಾಯ ಸಾಲದಿದ್ದರೆ ಗೋಡೆಯೂ ಬಿರಿಯುತ್ತದೆ. ಹೊಸ ಸುಣ್ಣ ಬಳಿದ ಗೋಡೆಯನ್ನು ಎರಡು ಬಾರಿ ನೋಡುವುದು ಲೇಸು. ನಲ್ಲಿಯ ನೀರು ಎಷ್ಟು ದಿನಕ್ಕೊಮ್ಮೆ ಬರುವುದೆಂದು ಮಾರುವವನನ್ನಲ್ಲ, ನೆರೆಮನೆಯ ಗೃಹಿಣಿಯನ್ನು ಕೇಳಬೇಕು. ಬ್ಯಾಡಗಿಯ ಮಾರುಕಟ್ಟೆಯ ಬಳಿ ಮನೆ ಹಿಡಿಯುವವರು ಮೆಣಸಿನಕಾಯಿಯ ಸುಗ್ಗಿಯಲ್ಲೊಮ್ಮೆ ಆ ಅಂಗಳದಲ್ಲಿ ನಿಂತು ನೋಡಲಿ. ಕೆಮ್ಮು ಬಾರದಿದ್ದರೆ ಮುಂಗಡ ಕೊಡಲಿ.