ಆಳಂದದ ಸಂತೆಯಲ್ಲಿ ಇಪ್ಪತ್ತು ಸಾವಿರ ಕುದುರೆ

ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನದ ಸಂತೆ ಕೂಡುತ್ತಿತ್ತು. ಅಲ್ಲಿಗೆ ಮಾರಲು ಬರುತ್ತಿದ್ದ ಕುದುರೆಗಳ ಸಂಖ್ಯೆ ಇಪ್ಪತ್ತು ಸಾವಿರದ ತನಕ ಮುಟ್ಟುತ್ತಿತ್ತು. ಹೀಗೆಂದು ಬರೆದಿಟ್ಟವನು ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. ಕಾಲ 1470ರ ಆಸುಪಾಸು. ಬಹಮನಿಗಳ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋಗಿ ನಾಲ್ಕು ದಶಕ ಕಳೆದಿತ್ತು. ಶೇಖ್ ಅಲಾವುದ್ದೀನರ ನೆನಪಿನಲ್ಲಿ ನಡೆಯುತ್ತಿದ್ದ ಸಂತೆ ಅದು. ಇಂದು ಕಲಬುರಗಿ ಜಿಲ್ಲೆಯ ಜನ ಲಾಡ್ಲೆ ಮಶಾಕ್ ಎಂದು ನಡೆದುಕೊಳ್ಳುವುದು ಅವರ ದರ್ಗಾಕ್ಕೇ. ಹಿಂದುಸ್ತಾನದಲ್ಲಿ ಇದಕ್ಕಿಂತ ಮೇಲಾದ ಸಂತೆ ಇಲ್ಲವೆಂದು ನಿಕಿತಿನ್ ಹೇಳುತ್ತಾನೆ.

ಇಪ್ಪತ್ತು ಸಾವಿರ ಎಂದು ಓದಿ ಮುಂದೆ ಹೋಗಿಬಿಡುವುದು ಸುಲಭ. ಸ್ವಲ್ಪ ನಿಂತು ಲೆಕ್ಕ ಹಾಕಿ ನೋಡೋಣ. ಒಂದು ಕುದುರೆ ದಿನಕ್ಕೆ ಕಡಿಮೆಯೆಂದರೂ 25 ಲೀಟರ್ ನೀರು ಕುಡಿಯುತ್ತದೆ. ಇಪ್ಪತ್ತು ಸಾವಿರಕ್ಕೆ ದಿನಕ್ಕೆ 5 ಲಕ್ಷ ಲೀಟರ್, ಹತ್ತು ದಿನಕ್ಕೆ 50 ಲಕ್ಷ ಲೀಟರ್. ತಲೆಗೆ ಆರು ಕಿಲೋ ಒಣಮೇವು ಎಂದರೂ ದಿನಕ್ಕೆ 120 ಟನ್. ಒಂದರ ಹಿಂದೆ ಒಂದರಂತೆ, ಕುದುರೆಗೆ ಎರಡೂವರೆ ಮೀಟರ್ ಜಾಗ ಬಿಟ್ಟು ನಿಲ್ಲಿಸುತ್ತ ಹೋದರೆ ಸಾಲು 50 ಕಿಲೋಮೀಟರ್ ಆಗುತ್ತದೆ. ಆಳಂದದಿಂದ ಹೊರಟ ಸಾಲು ಕಲಬುರಗಿಯನ್ನು ದಾಟಿ ಜೇವರ್ಗಿಯ ದಾರಿ ಹಿಡಿದಿರುತ್ತದೆ.

ದೂರದೇಶದವನ ಅಂಕಿ, ಉಬ್ಬಿಸಿದ್ದಾನೆ ಎನ್ನಬಹುದು. ಇದೇ ಆಳಂದದಲ್ಲಿ ಒಂದು ಗೂಗೆ ಇದೆ, ಅದು ಯಾರ ಮನೆಯ ಮೇಲೆ ಕೂರುತ್ತದೋ ಅಲ್ಲಿ ಸಾವಾಗುತ್ತದೆ, ಕೊಲ್ಲಲು ಹೋದರೆ ಅದರ ಬಾಯಿಂದ ಬೆಂಕಿ ಹೊರಡುತ್ತದೆ ಎಂದೂ ಅವನು ಬರೆದಿದ್ದಾನೆ. ಆದರೆ ಗೂಗೆಯ ಸಂಗತಿ ಕೇಳಿದ ಮಾತು. ಕುದುರೆಯದು ಅವನ ಕಸುಬಿನ ಮಾತು. ಹೊರ್ಮುಜ್‌ನಿಂದ ಹಡಗಿನಲ್ಲಿ ಒಂದು ಗಂಡುಗುದುರೆಯನ್ನು ತಂದು, ಚೌಲ್ ಬಂದರಿನಲ್ಲಿ ಇಳಿದು, ಮಾರಲೆಂದೇ ಅವನು ಈ ನಾಡಿನೊಳಕ್ಕೆ ಬಂದಿದ್ದ. ಅದನ್ನು ಇಲ್ಲಿಗೆ ತರುವಷ್ಟರಲ್ಲಿ ನೂರು ರೂಬಲ್ ಖರ್ಚಾಯಿತು ಎಂದು ಗೋಳಾಡುತ್ತಾನೆ. ಜುನ್ನಾರದ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಸಿದುಕೊಂಡು, ನಮ್ಮ ಮತಕ್ಕೆ ಬಾ, ಕುದುರೆಯ ಜತೆ ಸಾವಿರ ಹೊನ್ನನ್ನೂ ಕೊಡುತ್ತೇನೆ ಎಂದು ನಾಲ್ಕು ದಿನದ ಗಡುವು ಹಾಕಿದ. ಖೊರಾಸಾನದ ಖ್ವಾಜಾ ಮಹಮ್ಮದ್ ಎಂಬವನು ನಡುವೆ ಬಂದು ಬಿಡಿಸಿಕೊಟ್ಟ. ಕೊನೆಗೆ ಬೀದರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಕುದುರೆ ಮಾರಾಟವಾಯಿತು. ಒಂದು ಕುದುರೆಗಾಗಿ ಇಷ್ಟು ಪಾಡು ಪಟ್ಟವನು ಸಂತೆಯ ಕುದುರೆಗಳನ್ನು ಕಣ್ಣಳತೆಯಲ್ಲಾದರೂ ಸರಿಯಾಗಿ ಅಳೆದಿರುತ್ತಾನೆ ಎಂದು ನನ್ನ ನಂಬಿಕೆ. ಬೇಡ, ಅರ್ಧಕ್ಕೆ ಇಳಿಸೋಣ. ಹತ್ತು ಸಾವಿರ.

ಈಗ ಇನ್ನೊಂದು ಅಂಕಿ. 2023ರ ಕೊನೆಗೆ, ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಭೀಮಥಡಿ ಎಂಬ ಕುದುರೆಯನ್ನು ಸ್ವತಂತ್ರ ತಳಿಯೆಂದು ನೋಂದಾಯಿಸಿತು. ಭೀಮಾ ನದಿಯ ದಂಡೆಯ ಕುದುರೆ. ದಖ್ಖನಿ ಎಂದೂ ಹೆಸರುಂಟು. ಮಾರವಾಡಿ, ಕಾಠಿಯಾವಾಡಿ, ಕಚ್ಛೀ ಸಿಂಧಿ, ಮಣಿಪುರಿ, ಸ್ಪಿತಿ, ಜಂಸ್ಕಾರಿ, ಭೂಟಿಯಾಗಳ ನಂತರ ದೇಶದ ಎಂಟನೆಯ ನೋಂದಾಯಿತ ಕುದುರೆ ತಳಿ ಇದು. ನೋಂದಣಿಯ ಹೊತ್ತಿಗೆ ಎಣಿಕೆಗೆ ಸಿಕ್ಕದ್ದು ಐದು ಸಾವಿರದ ಆಸುಪಾಸು. ಮರಿ, ಮುದಿ, ಗಂಡು, ಹೆಣ್ಣು ಎಲ್ಲ ಸೇರಿ! ನಿಕಿತಿನ್ ಹೇಳಿದ ಆಳಂದದ ಒಂದು ಸಂತೆಯ ನಾಲ್ಕನೇ ಒಂದು ಪಾಲಿನಲ್ಲಿ, ಅವನ ಅಂಕಿಯನ್ನು ಅರ್ಧಕ್ಕೆ ಇಳಿಸಿದರೂ ಅರ್ಧ ಪಾಲಿನಲ್ಲಿ, ಇಡೀ ತಳಿ ಮುಗಿದುಹೋಗುತ್ತದೆ.

ಈ ಎರಡು ಅಂಕಿಗಳ ನಡುವೆ ನಡೆದದ್ದನ್ನು ನೋಡಿದರೆ ಇನ್ನೂ ಬೆರಗಾಗುತ್ತದೆ. ಈ ನಾಡಿನಲ್ಲಿ ಕುದುರೆ ಹುಟ್ಟುವುದೇ ಇಲ್ಲ, ಎತ್ತು ಎಮ್ಮೆ ಹುಟ್ಟುತ್ತವೆ ಎಂದು ನಿಕಿತಿನ್ ಬರೆದ. ಕಡಲಾಚೆಯಿಂದ ಬಂದ ಕುದುರೆಗೆ ಇಲ್ಲಿಯವರು ಕಡಲೆ ತಿನ್ನಿಸುತ್ತಿದ್ದರು. ಸಕ್ಕರೆ ಹಾಕಿ ಕಿಚಡಿ ಬೇಯಿಸಿ ಕೊಡುತ್ತಿದ್ದರು. ಬೇರೆಯವರ ಲೆಕ್ಕವೂ ಇದೇ ಹಾದಿಯದು. ಪರ್ಶಿಯದ ಇತಿಹಾಸಕಾರ ವಸ್ಸಾಫ್ ಪ್ರಕಾರ 13ನೆಯ ಶತಮಾನದಲ್ಲಿ ಕೊಲ್ಲಿಯ ಬಂದರುಗಳಿಂದ ದಕ್ಷಿಣಕ್ಕೆ ವರ್ಷಕ್ಕೆ ಹತ್ತು ಸಾವಿರ ಕುದುರೆ ಬರುತ್ತಿದ್ದವು. ತಲೆಗೆ 220 ದಿನಾರ್, ಒಟ್ಟು 22 ಲಕ್ಷ ದಿನಾರ್. ಅದೇ ಕಾಲದ ಮಾರ್ಕೊ ಪೋಲೊ ತಮಿಳು ಕರಾವಳಿಯ ಐವರು ಅರಸರ ಸಂಗತಿ ಹೇಳುತ್ತಾನೆ: ಒಬ್ಬೊಬ್ಬರೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಿದ್ದರು, ವರ್ಷದ ಕೊನೆಗೆ ನೂರೂ ಉಳಿಯುತ್ತಿರಲಿಲ್ಲ. ಲಾಳ ಕಟ್ಟುವವರಿಲ್ಲ, ಆರೈಕೆ ಗೊತ್ತಿಲ್ಲ.

ವಿಜಯನಗರದ ಕುದುರೆ ಲೆಕ್ಕ ಪೋರ್ಚುಗೀಸ್ ವ್ಯಾಪಾರಿ ನೂನಿಜ್‌ನದು, 1535ರ ಸುಮಾರಿನದು. ರಾಯನು ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದ, ಹೊರ್ಮುಜ್‌ನವು ಮತ್ತು ನಾಡತಳಿಯವು ಸೇರಿ. ಅದಕ್ಕೂ ಮುಂಚಿನ ಅರಸ ಸಾಳುವ ನರಸಿಂಹನ ಕಾಲಕ್ಕೆ ಕಡಲ ಕುದುರೆ ಸಾವಿರ ಪರದಾವ್‌ಗೆ (ಚಿನ್ನದ ನಾಣ್ಯ) ಮೂರು. ಸತ್ತರೂ ಅದೇ ಬೆಲೆ: ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ಕೊಯ್ದು ತಂದು ತೋರಿಸಿದರೆ ಸಾಕು, ಹಣ ಸಿಗುತ್ತಿತ್ತು. ಇದೇ ನೂನಿಜ್ ತನ್ನ ಕಾಲದ ಇನ್ನೊಂದು ದರವನ್ನೂ ಕೊಡುತ್ತಾನೆ. ಅರಸ ಒಳ್ಳೆಯ ಕುದುರೆಗಳನ್ನು ಆರಿಸಿಕೊಂಡು ನಾಡತಳಿಯವನ್ನು ತನ್ನ ನಾಯಕರಿಗೆ ಸಾವಿರಕ್ಕೆ ಐದರಂತೆ ಮಾರುತ್ತಿದ್ದ. ಎರಡು ದರಗಳ ನಡುವೆ ಐವತ್ತು ವರ್ಷದ ಅಂತರವಿದೆ, ನಿಜ. ಆದರೂ ಪಕ್ಕಪಕ್ಕ ಇಟ್ಟು ನೋಡಿ. ಸತ್ತ ಹೊರ್ಮುಜ್ ಕುದುರೆಯ ಬಾಲಕ್ಕೆ 333, ಜೀವಂತ ನಿಂತಿರುವ ನಮ್ಮ ಕುದುರೆಗೆ 200.

ಅಷ್ಟು ಹಣ ಸುರಿದು ಯಾಕೆ ಕೊಳ್ಳಬೇಕಿತ್ತು, ಇಲ್ಲೇ ಸಾಕಬಾರದಿತ್ತೆ? ಹೆಣ್ಣುಗುದುರೆ ಗಬ್ಬವಾಗಿರುವುದು ಹನ್ನೊಂದು ತಿಂಗಳು, ಈಯುವುದು ಒಂದೇ ಮರಿ. ಆ ಮರಿ ದಂಡಿಗೆ ಒದಗಲು ನಾಲ್ಕು ವರ್ಷ. ಗಬ್ಬ ನಿಲ್ಲದ್ದು, ಮರಿ ಸತ್ತದ್ದು ಕಳೆದು ಎರಡು ಹೆಣ್ಣುಗುದುರೆಗೆ ವರ್ಷಕ್ಕೊಂದು ಕುದುರೆ ಕೈಗೆ ಬಂತು ಎಂದುಕೊಳ್ಳಿ. ಹದಿಮೂರು ಸಾವಿರ ಬೇಕಾದರೆ 26 ಸಾವಿರ ಹೆಣ್ಣುಗುದುರೆ ಸಾಕಬೇಕು. ಬೆಳೆಯುತ್ತಿರುವ ನಾಲ್ಕು ಈಡಿನ ಮರಿಗಳು ಇನ್ನೊಂದು 52 ಸಾವಿರ. ಯುದ್ಧಕ್ಕೆ ಒಂದೂ ಬಾರದ 78 ಸಾವಿರ ಕುದುರೆಗಳಿಗೆ ವರ್ಷವಿಡೀ ಮೇವು ಹೊಂದಿಸಬೇಕು. ಜೋಳ ಬೆಳೆಯುವ ಕರಿನೆಲ, ಮಳೆ ಕೈಕೊಟ್ಟರೆ ದನಗಳಿಗೇ ಕಣಿಕೆ ಇಲ್ಲದ ಸೀಮೆ. ಅರಸರು ಕಡಲ ಕಡೆ ನೋಡಿದ್ದು ಸೋಮಾರಿತನದಿಂದಲ್ಲ.

ಅಂಥ ನೆಲದಲ್ಲೇ, 17 ಮತ್ತು 18ನೆಯ ಶತಮಾನಗಳಲ್ಲಿ, ಭೀಮಾ ಕಣಿವೆಯವರು ತಮ್ಮದೇ ಕುದುರೆಯನ್ನು ಮಾಡಿಕೊಂಡರು. ಕಡಲು ದಾಟಿ ಬಂದ ಅರಬ್ಬಿ, ತುರ್ಕಿ ರಕ್ತ ಇಲ್ಲಿಯ ಗುಡ್ಡದ ತಟ್ಟುಗಳಿಗೆ ಬೆರೆಯಿತು. ಬೆರೆತ ಸಂತಾನವನ್ನು ತಲೆಮಾರುಗಳ ಕಾಲ ಈ ನೆಲದ ಬಿಸಿಲು, ಕಲ್ಲುದಾರಿ, ಅರೆಹೊಟ್ಟೆ ಸೋಸಿದವು. ಗಿಡ್ಡ ಮೈ, ಗಟ್ಟಿ ಗೊರಸು, ಸಿಕ್ಕಿದ್ದನ್ನು ತಿಂದು ಹಗಲಿಡೀ ನಡೆಯುವ ತಾಳಿಕೆ. ಮರಾಠರ ರಾವುತರು 1758ರಲ್ಲಿ ಸಿಂಧೂ ದಂಡೆಯ ಅಟಕ್ ತನಕ ಹೋದಾಗ ದಖ್ಖನಿ ಕುದುರೆಯ ಹೆಸರೂ ಅವರೊಂದಿಗೆ ಹೋಯಿತು. ನಿಕಿತಿನ್ ನೋಡಿದ ನೆಲವೂ ಇದೇ ಕಣಿವೆಯದು: ಅವನ ಗಂಡುಗುದುರೆ ಮಳೆಗಾಲ ಕಳೆದ ಜುನ್ನಾರದ ನೀರು ಕುಕಡಿ, ಘೋಡ್ ನದಿಗಳ ಮೂಲಕ ಭೀಮೆಗೇ ಬರುತ್ತದೆ. ಆಳಂದದ ಅಮರ್ಜೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ, ಅಲ್ಲಿಂದ ಹೊಳೆ ಜೇವರ್ಗಿಯ ಕಡೆ ಇಳಿಯುತ್ತದೆ. 861 ಕಿಲೋಮೀಟರಿನ ಒಂದೇ ನದಿಯ ಬಳಗ ಇದೆಲ್ಲ.

ದೂರ ಹೋಗುವ ಕುದುರೆಗೆ ವೇಗಕ್ಕಿಂತ ನಡಿಗೆ ಮುಖ್ಯ. ಕುಕ್ಕುಲೋಟದಲ್ಲಿ ಕುದುರೆ ಓರೆಯಾಗಿ ಎದುರಿರುವ ಎರಡೆರಡು ಕಾಲನ್ನು ಒಟ್ಟಿಗೆ ಊರುತ್ತದೆ, ನಡುವೆ ಮೈ ನೆಲ ಬಿಡುತ್ತದೆ. ನಿಮಿಷಕ್ಕೆ ಸುಮಾರು 150 ಕುಕ್ಕು. ಆರು ತಾಸು ಸವಾರಿಗೆ 54 ಸಾವಿರ ಕುಕ್ಕು, ಎಲ್ಲ ಸವಾರನ ಸೊಂಟಕ್ಕೇ. ಆದರೆ ಕೆಲವು ಕುದುರೆಗಳಿಗೆ ಹುಟ್ಟಿನಿಂದಲೇ ಬೇರೊಂದು ನಡಿಗೆ ಬಂದಿರುತ್ತದೆ. ನಾಲ್ಕು ಕಾಲೂ ಒಂದಾದ ಮೇಲೊಂದು ಬೀಳುತ್ತವೆ, ಒಂದಲ್ಲ ಒಂದು ಕಾಲು ಸದಾ ನೆಲದ ಮೇಲೇ ಇರುತ್ತದೆ, ಬೆನ್ನು ಅಲುಗುವುದಿಲ್ಲ. ಮಾರವಾಡಿ, ಕಾಠಿಯಾವಾಡಿ ಕುದುರೆಗಳಲ್ಲಿ ಇಂಥದ್ದನ್ನು ರೇವಾಲ್ ಎನ್ನುತ್ತಾರೆ. ಐಸ್‌ಲ್ಯಾಂಡಿನ ಕುದುರೆಗೆ ಇದರಿಂದಲೇ ಜಗತ್ತಿನಲ್ಲಿ ಹೆಸರು.

ಈ ಸುಖದ ನಡಿಗೆ ಎಲ್ಲಿ ಬರೆದಿದೆ ಎಂದು 2012ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ಹುಡುಕಿದರು. ಕುದುರೆಯ ಜೀವಕೋಶದ ಬರಹ 270 ಕೋಟಿ ಅಕ್ಷರಗಳದು. ಸೆಕೆಂಡಿಗೊಂದರಂತೆ, ಹಗಲು ರಾತ್ರಿ ನಿಲ್ಲಿಸದೆ ಓದಿದರೆ 85 ವರ್ಷ ಬೇಕು. ಅದರಲ್ಲಿ ಡಿಎಂಆರ್‌ಟಿ3 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಬೆನ್ನುಹುರಿಯಲ್ಲಿ ಕಾಲುಗಳ ತಾಳ ಹಿಡಿಯುವ ನರಕೋಶಗಳ ಜೀನ್ ಅದು. 2014ರಲ್ಲಿ 141 ತಳಿಗಳ 4,396 ಕುದುರೆಗಳನ್ನು ಪರೀಕ್ಷಿಸಿದಾಗ 68 ತಳಿಗಳಲ್ಲಿ ಈ ಅಕ್ಷರ ಸಿಕ್ಕಿತು. ಎಲ್ಲ ಕುದುರೆಗಳೂ ಹೊತ್ತಿರುವ ತಳಿಗಳಿದ್ದವು, ನೂರಕ್ಕೊಂದರಲ್ಲಿ ಮಾತ್ರ ಉಳಿಸಿಕೊಂಡವೂ ಇದ್ದವು. ಇದನ್ನು ಓದಲು ಕುದುರೆಯ ಬಾಲದ ಕೆಲವು ಕೂದಲು, ಬುಡ ಸಮೇತ, ಸಾಕು. ಒಂದು ಕಾಲಕ್ಕೆ ಸತ್ತ ಕುದುರೆಯ ಬಾಲಕ್ಕೆ ಬೊಕ್ಕಸ ತೆರೆದ ನಾಡಿದು. ಬದುಕಿರುವ ಕುದುರೆಯ ಕೆಲವು ಕೂದಲನ್ನು ಜೋಪಾನ ಮಾಡಲು ಅದರ ಸಾವಿರದಲ್ಲೊಂದು ಪಾಲೂ ಬೇಡ.

ಪೇಶ್ವೆ ಆಳ್ವಿಕೆ 1818ರಲ್ಲಿ ಮುಗಿದು ರಾವುತರು ಚದುರಿದ ಮೇಲೆ ಭೀಮಥಡಿಯನ್ನು ಕೇಳುವವರಿಲ್ಲವಾಯಿತು. ಅದನ್ನು ಉಳಿಸಿದವರು ಅರಸರಲ್ಲ, ಸೈನ್ಯವೂ ಅಲ್ಲ, ಕುರಿಗಾರರು. ಮಹಾರಾಷ್ಟ್ರದ ಧನಗರರು, ನಮ್ಮ ಕಡೆಯ ಕುರುಬರು. ಊರಿಂದೂರಿಗೆ ಕುರಿ ಹೊಡೆದುಕೊಂಡು ಹೋಗುವವರಿಗೆ ಕುದುರೆಯೇ ಮನೆ. ಅದರ ಬೆನ್ನ ಮೇಲೆ ಹಾಸಿಗೆ, ಪಾತ್ರೆ, ಬಲೆ, ಹಿಟ್ಟಿನ ಚೀಲ. ಮೇಲೆ ಕಾಲು ಕಟ್ಟಿದ ಕೋಳಿ, ನಡೆಯಲಾರದ ಎಳೆಯ ಕುರಿಮರಿ, ಒಮ್ಮೊಮ್ಮೆ ನಿದ್ದೆ ಹೋದ ಕೂಸು. ರಾತ್ರಿ ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬುತ್ತಾರೆ, ಬೆಳಗಾದರೆ ಮತ್ತೆ ಹೇರು. ಕೂಸು ಮಲಗಿದ ಬೆನ್ನು ಕುಲುಕಬಾರದು ಎಂಬುದು ಆ ತಾಯಿಗೆ ಯಾವ ಪ್ರಯೋಗಾಲಯಕ್ಕಿಂತಲೂ ಮುಂಚೆಯೇ ಗೊತ್ತಿದ್ದ ಸಂಗತಿ. ಇನ್ನೂರು ವರ್ಷ ಇವರು ಯಾರ ನೆರವೂ ಇಲ್ಲದೆ ಈ ಕೆಲಸ ಮಾಡಿದ್ದಾರೆ. ತಳಿಯ ಇತಿಹಾಸದಲ್ಲಿ ಅವರ ಹೆಸರು ದೊಡ್ಡಕ್ಷರದಲ್ಲಿ ಬರಬೇಕು.

ಈಗ ಟೆಂಪೋ ಬಂದಿದೆ, ಮೇವುಗಾವಲು ಕರಗಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.25 ಲಕ್ಷ ಕುದುರೆ, ತಟ್ಟುಗಳಿದ್ದವು. 2019ರಲ್ಲಿ 3.42 ಲಕ್ಷ. ಏಳು ವರ್ಷದಲ್ಲಿ ದಿನಕ್ಕೆ ನೂರಕ್ಕೂ ಹೆಚ್ಚು ಕಡಿಮೆಯಾಗುತ್ತ ಬಂದ ಹಾಗೆ.

ಐದು ಸಾವಿರ ಉಳಿದಿವೆಯಲ್ಲ ಎಂಬ ಸಮಾಧಾನವೂ ಪೂರ್ತಿ ಸಮಾಧಾನವಲ್ಲ. ತಳಿವಿಜ್ಞಾನಿ ಸೀವಾಲ್ ರೈಟ್ 1931ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟರು: ಗಂಡು ಹೆಣ್ಣುಗಳ ಸಂಖ್ಯೆಯನ್ನು ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿ, ಅವುಗಳ ಮೊತ್ತದಿಂದ ಭಾಗಿಸಿದರೆ ತಳಿಯ ನಿಜವಾದ ಬಲ ಸಿಗುತ್ತದೆ. ಎರಡು ಸಾವಿರ ಹೆಣ್ಣುಗುದುರೆಗಳಿದ್ದು ಇಪ್ಪತ್ತೇ ಗಂಡು ಅವುಗಳಿಗೆಲ್ಲ ಹಾಯುತ್ತಿದ್ದರೆ ಉತ್ತರ 79. ಕಣ್ಣಿಗೆ ಕಾಣುವುದು 2,020 ಕುದುರೆ, ರಕ್ತದ ವೈವಿಧ್ಯದಲ್ಲಿ ತೂಗುವುದು 79. ಗಂಡು ಐದಕ್ಕಿಳಿದರೆ ಉತ್ತರ ಇಪ್ಪತ್ತು. ಒಂದು ಚೆಂದದ ಗಂಡುಗುದುರೆಗೆ ಎಲ್ಲರೂ ಮುಗಿಬಿದ್ದರೆ ತಳಿ ಬೆಳೆದಂತೆ ಕಾಣುತ್ತಲೇ ಒಳಗೊಳಗೆ ಬಡವಾಗುತ್ತದೆ. ರೇಸಿನ ಥರೋಬ್ರೆಡ್ ಕುದುರೆಗಳ ಗಂಡು ವಂಶ ಮೂರೇ ಮೂಲಪುರುಷರಿಗೆ ಹೋಗಿ ನಿಲ್ಲುತ್ತದೆ. ಅವರಲ್ಲೂ ಡಾರ್ಲಿ ಅರೇಬಿಯನ್ ಎಂಬ ಒಂದರದೇ ಪಾಲು ನೂರಕ್ಕೆ 95ರಷ್ಟು.

ವಿಜ್ಞಾನದ ಕೈ ಈಗ ಉದ್ದವಾಗಿದೆ. ಬಿಕಾನೇರಿನ ಕುದುರೆ ಸಂಶೋಧನಾ ಕೇಂದ್ರದಲ್ಲಿ 2023ರ ಮೇ ತಿಂಗಳಲ್ಲಿ, ಒಂದರ ಗರ್ಭದ ಭ್ರೂಣವನ್ನು ಇನ್ನೊಂದರಲ್ಲಿ ಬೆಳೆಸಿ, 23 ಕಿಲೋದ ಮಾರವಾಡಿ ಹೆಣ್ಣುಮರಿಯನ್ನು ಪಡೆದರು. ವೀರ್ಯವನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗೆ ದಶಕಗಟ್ಟಲೆ ಇಡಬಹುದು. ಇವೆಲ್ಲ ಭೀಮಥಡಿಗೂ ಬರಲಿ. ಆದರೆ ಮೊದಲು ಎಣಿಕೆ ಆಗಬೇಕು. ನೋಂದಣಿಯಲ್ಲಿ ತಳಿಯ ತವರೆಂದು ಬರೆದಿರುವುದು ಮಹಾರಾಷ್ಟ್ರವನ್ನು. ಅದರಲ್ಲಿ ಸೇರಿರುವ ಸೊಲ್ಲಾಪುರ ಜಿಲ್ಲೆಯ ಅಂಚು ಆಳಂದ, ಅಫಜಲಪುರಗಳಿಗೆ ತಾಗಿಕೊಂಡಿದೆ. ಮಂದೆಗೆ ರಾಜ್ಯದ ಗಡಿ ಗೊತ್ತಿಲ್ಲ, ಕುದುರೆಗೂ ಇಲ್ಲ. ಸುಗ್ಗಿ ಮುಗಿದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಹೊಲಗಳಲ್ಲಿ ಇಳಿಯುವ ಹೇರುಕುದುರೆಗಳನ್ನು ಪಶುಪಾಲನಾ ಇಲಾಖೆ ಒಂದೊಂದಾಗಿ ಅಳೆದು, ನಡಿಗೆಯ ವಿಡಿಯೊ ತೆಗೆದು, ಕೂದಲು ಎತ್ತಿ ಬರೆದಿಡಬೇಕು.

ಆಮೇಲೆ ಗಂಡುಮರಿಗಳ ವಿಷಯ. ಮೂರೂ ತಾಲ್ಲೂಕು ಸೇರಿ ಮೂವತ್ತು ಒಳ್ಳೆಯ ಹೆಣ್ಣುಗುದುರೆ ಇಟ್ಟುಕೊಂಡವು ಎನ್ನೋಣ. ಎರಡೇ ಗಂಡು ಇದ್ದರೆ ಸೂತ್ರದ ಉತ್ತರ ಏಳೂವರೆ. ಆರು ಇದ್ದರೆ ಇಪ್ಪತ್ತು, ಹತ್ತು ಇದ್ದರೆ ಮೂವತ್ತು. ಒಂದು ಹೆಣ್ಣುಗುದುರೆಯನ್ನೂ ಹೊಸದಾಗಿ ಕೊಳ್ಳದೆ, ಬೀಜ ಒಡೆಸಿಬಿಡುವ ಇಲ್ಲವೆ ಮಾರಿಬಿಡುವ ಎಂಟು ಗಂಡುಮರಿಗಳನ್ನು ಹಾಗೇ ಬಿಟ್ಟರೆ ಬಲ ನಾಲ್ಕು ಪಟ್ಟಾಗುತ್ತದೆ. ಆ ಎಂಟು ಮರಿಗಳು ಬೇರೆ ಬೇರೆ ತಾಯಂದಿರವಾಗಿರಬೇಕು, ಬೇರೆ ಬೇರೆ ಮಂದೆಯವರ ಬಳಿ ಇರಬೇಕು, ನಾಲ್ಕು ವರ್ಷ ಅವುಗಳ ಹುರುಳಿಯ ಖರ್ಚನ್ನು ಸರ್ಕಾರ ಕುರಿಗಾರನಿಗೆ ಕೊಡಬೇಕು.