ಕಾಯ್ದೆಯ ಇಸವಿಯೊಂದೇ ಸಾಕೇ? ಆಧುನಿಕ ಅಮೆರಿಕದ ಕಾನೂನುಗಳನ್ನು ಕಲಿಸುವ ಒಂದು ಕ್ರಮ

ಇತಿಹಾಸದ ಪಾಠದಲ್ಲಿ ಕಾನೂನುಗಳು ಸಾಮಾನ್ಯವಾಗಿ ಎರಡು ಕಾಲಮ್ಮಿನ ಪಟ್ಟಿಯಾಗಿ ಕಪ್ಪುಹಲಗೆಗೆ ಬರುತ್ತವೆ. ಎಡಗಡೆ ಇಸವಿ, ಬಲಗಡೆ ಕಾಯ್ದೆ. ಅಮೆರಿಕದ ಪಾಠವಾದರೆ ಪಟ್ಟಿ ಹೀಗಿರುತ್ತದೆ: 1865, ಗುಲಾಮಗಿರಿ ರದ್ದು, 1870, ಕಪ್ಪು ಜನರಿಗೆ ಮತದಾನದ ಹಕ್ಕು, 1954, ಶಾಲೆಗಳಲ್ಲಿ ಪ್ರತ್ಯೇಕತೆ ಅಸಿಂಧು, 1964, ನಾಗರಿಕ ಹಕ್ಕುಗಳ ಕಾಯ್ದೆ, 1965, ಮತದಾನ ಹಕ್ಕುಗಳ ಕಾಯ್ದೆ. ಈ ಪಟ್ಟಿಯನ್ನು ಗಮನವಿಟ್ಟು ಓದಿದ ಯಾವ ಮಗುವಿಗೂ ಒಂದು ಅನುಮಾನ ಬರಲೇಬೇಕು. 1870ರಲ್ಲೇ ಮತದಾನದ ಹಕ್ಕು ಸಿಕ್ಕಿದ್ದರೆ, 95 ವರ್ಷಗಳ ನಂತರ ಅದೇ ಹಕ್ಕಿಗೆ ಇನ್ನೊಂದು ಕಾಯ್ದೆ ಯಾಕೆ ಬೇಕಾಯಿತು?

ನಾನು ಬಿಎಸ್‌ಸಿ ಬಿಎಡ್ ಪ್ರಶಿಕ್ಷಣಾರ್ಥಿ. ಭೌತಶಾಸ್ತ್ರ ಮತ್ತು ಗಣಿತ ನನ್ನ ಬೋಧನಾ ವಿಷಯಗಳು. ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನದ ಎರಡು ಪೂರಕ ಪಾಠಗಳನ್ನು ಮಾಡುವ ಅವಕಾಶ ಸಿಕ್ಕಿತು. ಅವುಗಳಿಗೆ ಸಿದ್ಧತೆ ಮಾಡಿಕೊಳ್ಳುವಾಗ ಹೊಳೆದ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ನಿಯಮ ಬೇರೆ, ಕಾಯ್ದೆ ಬೇರೆ

ವಿಜ್ಞಾನದ ತರಗತಿಯಲ್ಲಿ ನಾವು ನ್ಯೂಟನ್ನನ ನಿಯಮ, ಓಮನ ನಿಯಮ ಎನ್ನುತ್ತೇವೆ. ಈ ನಿಯಮಗಳನ್ನು ಜಾರಿಗೆ ತರಲು ಯಾರೂ ಬೇಕಿಲ್ಲ. ಕೈಬಿಟ್ಟ ಕಲ್ಲು ತಾನಾಗಿಯೇ ಬೀಳುತ್ತದೆ. ಕಾಯ್ದೆ ಹಾಗಲ್ಲ. ಅದನ್ನು ಯಾರೋ ಬರೆಯಬೇಕು, ಯಾರೋ ಜಾರಿ ಮಾಡಬೇಕು, ಪಾಲಿಸದವರಿಗೆ ಏನಾದರೂ ಪರಿಣಾಮ ಆಗಬೇಕು. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿರುವುದು ನಮಗೊಂದು ಅನುಕೂಲ. ಆದ್ದರಿಂದ ಪ್ರತಿಯೊಂದು ಕಾನೂನಿಗೂ ಮೂರು ಪ್ರಶ್ನೆಗಳನ್ನು ಕೇಳುವುದು ಸೂಕ್ತ: ಅದು ಏನು ಹೇಳಿತು? ಅದನ್ನು ಜಾರಿ ಮಾಡುವವರು ಯಾರು? ಪಾಲಿಸದಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಗಳನ್ನು ಹಿಡಿದು ಹೋದರೆ ಅಮೆರಿಕದ ನೂರು ವರ್ಷಗಳ ಕಥೆ ಒಂದು ಸರಪಳಿಯಂತೆ ಬಿಡಿಸಿಕೊಳ್ಳುತ್ತದೆ.

ಮೂರು ತಿದ್ದುಪಡಿಗಳು, ನಂತರದ ಹಿನ್ನಡೆ

ಅಂತರ್ಯುದ್ಧ ಮುಗಿದ ಮೇಲೆ ಅಮೆರಿಕದ ಸಂವಿಧಾನಕ್ಕೆ ಮೂರು ತಿದ್ದುಪಡಿಗಳು ಬಂದವು. 13ನೆಯದು (1865) ಗುಲಾಮಗಿರಿಯನ್ನು ರದ್ದು ಮಾಡಿತು. 14ನೆಯದು (1868) ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಕೊಟ್ಟಿತು. 15ನೆಯದು (1870) ಜನಾಂಗದ ಕಾರಣಕ್ಕೆ ಮತದಾನದ ಹಕ್ಕನ್ನು ನಿರಾಕರಿಸಬಾರದು ಎಂದಿತು. ಆಗ ಮತದಾನವಿದ್ದದ್ದು ಹೆಚ್ಚುಕಡಿಮೆ ಗಂಡಸರಿಗೆ ಮಾತ್ರ. ಲಿಂಗದ ಕಾರಣಕ್ಕೆ ಮತದ ಹಕ್ಕು ನಿರಾಕರಿಸಬಾರದೆಂಬ 19ನೇ ತಿದ್ದುಪಡಿ ಬಂದದ್ದು 1920ರಲ್ಲಿ.

ದಕ್ಷಿಣದ ರಾಜ್ಯಗಳಲ್ಲಿ ಈ ಹಕ್ಕುಗಳನ್ನು ಕಾಯುತ್ತಿದ್ದುದು ಕೇಂದ್ರ ಸರ್ಕಾರದ ಸೈನ್ಯ. 1877ರಲ್ಲಿ ಆ ಕಾವಲು ಕೊನೆಗೊಂಡಿತು. ತಿದ್ದುಪಡಿಗಳ ಒಂದು ಅಕ್ಷರವೂ ಬದಲಾಗಲಿಲ್ಲ, ಆದರೆ ಅವುಗಳನ್ನು ಜಾರಿ ಮಾಡುವವರು ಇಲ್ಲವಾದರು. ಮುಂದಿನ ದಶಕಗಳಲ್ಲಿ ಆ ರಾಜ್ಯಗಳು ಮತದಾರರಾಗಲು ತೆರಿಗೆ ಕಟ್ಟಬೇಕು, ಓದು ಬರಹದ ಪರೀಕ್ಷೆಯಲ್ಲಿ ಪಾಸಾಗಬೇಕು ಎಂಬ ಷರತ್ತುಗಳನ್ನು ತಂದವು. ಷರತ್ತಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ ಪಾಸು ಫೇಲು ತೀರ್ಮಾನಿಸುತ್ತಿದ್ದವನು ಸ್ಥಳೀಯ ಬಿಳಿಯ ಅಧಿಕಾರಿ. ಲೂಯಿಸಿಯಾನ ರಾಜ್ಯದಲ್ಲಿ 1896ರಲ್ಲಿ ನೋಂದಣಿಯಾಗಿದ್ದ ಕಪ್ಪು ಮತದಾರರು 1 ಲಕ್ಷ 30 ಸಾವಿರಕ್ಕೂ ಹೆಚ್ಚು. 1904ರ ಹೊತ್ತಿಗೆ ಉಳಿದವರು ಸುಮಾರು 1,300. ಈ ಎರಡು ಸಂಖ್ಯೆಗಳನ್ನು ಕೊಟ್ಟು ಶೇಕಡಾ ಇಳಿಕೆಯನ್ನು ಲೆಕ್ಕ ಹಾಕಲು ಹೇಳಿದರೆ, ಉತ್ತರವಾಗಿ ಬರುವ 99 ಎಂಬ ಅಂಕಿಯನ್ನು ಮಕ್ಕಳು ಮರೆಯುವುದಿಲ್ಲ.

ಅದೇ 1896ರಲ್ಲಿ ಪ್ಲೆಸಿ ಮೊಕದ್ದಮೆಯ ತೀರ್ಪು ಬಂತು. ಬಿಳಿಯರ ರೈಲು ಬೋಗಿಯಲ್ಲಿ ಕುಳಿತದ್ದಕ್ಕೆ ಬಂಧಿತನಾದ ಹೋಮರ್ ಪ್ಲೆಸಿಯ ವಿರುದ್ಧ ತೀರ್ಪಿತ್ತ ಸುಪ್ರೀಂ ಕೋರ್ಟ್, ಸೌಕರ್ಯ ಸಮಾನವಾಗಿದ್ದರೆ ಪ್ರತ್ಯೇಕವಾಗಿ ಇಡುವುದು ತಪ್ಪಲ್ಲ ಎಂದಿತು. ಒಬ್ಬ ನ್ಯಾಯಮೂರ್ತಿ, ಜಾನ್ ಮಾರ್ಷಲ್ ಹಾರ್ಲನ್, ಮಾತ್ರ ಭಿನ್ನಮತ ಬರೆದರು.

1954: ಶಾಲೆಯ ಬಾಗಿಲಲ್ಲಿ ಕಾನೂನು

ಈ ತೀರ್ಪು ಉರುಳಲು 58 ವರ್ಷ ಬೇಕಾಯಿತು. 1954ರ ಮೇ 17ರಂದು ಬ್ರೌನ್ ಮೊಕದ್ದಮೆಯಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ, ಶಿಕ್ಷಣದಲ್ಲಿ ಪ್ರತ್ಯೇಕ ಎಂದರೇ ಅಸಮಾನ ಎಂದು ತೀರ್ಮಾನಿಸಿದರು. ಕಪ್ಪು ಮಕ್ಕಳ ಪರವಾಗಿ ವಾದಿಸಿದವರಲ್ಲಿ ಪ್ರಮುಖರಾದ ಥರ್ಗುಡ್ ಮಾರ್ಷಲ್ ಮುಂದೆ 1967ರಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿಯಾದರು. ಶೈಕ್ಷಣಿಕ ಮನೋವಿಜ್ಞಾನ ಓದುವ ನಮಗೆ ಈ ಮೊಕದ್ದಮೆಯಲ್ಲಿ ವಿಶೇಷ ಆಸಕ್ತಿ ಇರಬೇಕು. ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನೋವಿಜ್ಞಾನಿ ದಂಪತಿ ಪುಟ್ಟ ಮಕ್ಕಳ ಮುಂದೆ ಬಿಳಿ ಮತ್ತು ಕಂದು ಬಣ್ಣದ ಗೊಂಬೆಗಳನ್ನಿಟ್ಟು, ಯಾವುದು ಒಳ್ಳೆಯ ಗೊಂಬೆ ಎಂದು ಕೇಳಿದ್ದರು. ಬಹಳಷ್ಟು ಕಪ್ಪು ಮಕ್ಕಳು ಬಿಳಿ ಗೊಂಬೆಯನ್ನೇ ತೋರಿಸಿದರು. ತರಗತಿಯ ವ್ಯವಸ್ಥೆ ಮಗುವಿಗೆ ತನ್ನ ಬಗ್ಗೆಯೇ ಏನು ಕಲಿಸುತ್ತದೆ ಎಂಬುದು ನ್ಯಾಯಾಲಯದ ಮುಂದೆ ಬಂದದ್ದು ಹೀಗೆ.

ಇಲ್ಲಿಗೆ ಪಾಠ ಮುಗಿಸಿದರೆ ಗೆಲುವಿನ ಕಥೆಯಾಗುತ್ತದೆ. ಮೂರನೇ ಪ್ರಶ್ನೆಯನ್ನು ಕೇಳಲೇಬೇಕು: ತೀರ್ಪನ್ನು ಪಾಲಿಸದಿದ್ದರೆ ಏನಾಗುತ್ತಿತ್ತು? ನ್ಯಾಯಾಲಯ ಗಡುವು ಹಾಕಿರಲಿಲ್ಲ. 1957ರಲ್ಲಿ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ನಗರದ ಪ್ರೌಢಶಾಲೆಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೇರಲು ಬಂದಾಗ ರಾಜ್ಯಪಾಲರೇ ಕಾವಲು ಪಡೆ ನಿಲ್ಲಿಸಿ ತಡೆದರು. ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಿದ ಮೇಲೆಯೇ ಆ ಮಕ್ಕಳು ತರಗತಿಯಲ್ಲಿ ಕೂರಲು ಸಾಧ್ಯವಾಯಿತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ ಎಲ್ಲ ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಯೇ ಬೇಡವೆಂದು 1959ರಿಂದ 1964ರವರೆಗೆ ತನ್ನ ಸರ್ಕಾರಿ ಶಾಲೆಗಳನ್ನೆಲ್ಲ ಮುಚ್ಚಿಬಿಟ್ಟಿತು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ತೆರೆಯಿತು. ಬಹುಪಾಲು ಕಪ್ಪು ಮಕ್ಕಳಿಗೆ ಊರಿನಲ್ಲಿ ಶಾಲೆಯೇ ಇಲ್ಲವಾಯಿತು. ಹಕ್ಕು ಕಾಗದದ ಮೇಲಿತ್ತು. ಒಂದನೇ ತರಗತಿಗೆ ಸೇರಬೇಕಿದ್ದ ಮಗು ವರ್ಷಗಟ್ಟಲೆ ಮನೆಯಲ್ಲಿತ್ತು.

1964–65: ಜಾರಿಯ ಬಲ ಬಂದದ್ದು

ಜನರ ಚಳವಳಿ ಬೀದಿಗಿಳಿದು, ಸೆನೆಟ್ಟಿನಲ್ಲಿ ಎರಡು ತಿಂಗಳಿಗೂ ಮೀರಿ ಅಡ್ಡಿಯಾದ ಭಾಷಣಗಳು ಮುಗಿದ ಮೇಲೆ, 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು. ಹೋಟೆಲು, ಚಿತ್ರಮಂದಿರ, ಉದ್ಯೋಗಗಳಲ್ಲಿ ತಾರತಮ್ಯವನ್ನು ಅದು ನಿಷೇಧಿಸಿತು. ಶಾಲೆಗಳ ಮಟ್ಟಿಗೆ ಮುಖ್ಯವಾದದ್ದು ಅದರ ಆರನೇ ಭಾಗ: ತಾರತಮ್ಯ ಮಾಡುವ ಸಂಸ್ಥೆಗೆ ಕೇಂದ್ರದ ಹಣ ನಿಲ್ಲಿಸಬಹುದು. ಮರುವರ್ಷವೇ ಬಂದ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಯಿಂದ ಬಡ ಮಕ್ಕಳಿರುವ ಶಾಲೆಗಳಿಗೆ ಕೇಂದ್ರದ ಹಣ ದೊಡ್ಡ ಮೊತ್ತದಲ್ಲಿ ಹರಿಯತೊಡಗಿತು. ಕಳೆದುಕೊಳ್ಳಲು ಹಣವಿದ್ದಾಗ ಮಾತ್ರ ಹಣ ನಿಲ್ಲಿಸುವ ಬೆದರಿಕೆಗೆ ಅರ್ಥ. ಒಂದು ಕಾಯ್ದೆ ಇನ್ನೊಂದಕ್ಕೆ ಬಲ ಕೊಟ್ಟಿತು. 1968ರಲ್ಲಿ ಸುಪ್ರೀಂ ಕೋರ್ಟೂ ವಿಳಂಬವನ್ನು ಇನ್ನು ಒಪ್ಪುವುದಿಲ್ಲ ಎಂದಿತು. ದಕ್ಷಿಣದಲ್ಲಿ ಬಿಳಿಯರು ಹೆಚ್ಚಿರುವ ಶಾಲೆಗಳಲ್ಲಿ ಓದುತ್ತಿದ್ದ ಕಪ್ಪು ಮಕ್ಕಳ ಪ್ರಮಾಣ 1964ರಲ್ಲಿ ಶೇ 2ರ ಆಸುಪಾಸಿನಲ್ಲಿತ್ತು. 1970ರಲ್ಲಿ ಅದು ಸುಮಾರು ಶೇ 33. ತೀರ್ಪಿನ ನಂತರದ ಹತ್ತು ವರ್ಷಗಳಲ್ಲಿ ಆಗದ ಬದಲಾವಣೆ ಆರು ವರ್ಷಗಳಲ್ಲಿ ಆಯಿತು.

ಈ ಕಾಯ್ದೆಗಳಿಗೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಓದಿದ್ದು ನಮ್ಮಂತೆಯೇ ಶಿಕ್ಷಕರನ್ನು ತಯಾರು ಮಾಡುವ ಕಾಲೇಜಿನಲ್ಲಿ. ಟೆಕ್ಸಸ್ಸಿನ ಕೊಟುಲ್ಲ ಎಂಬ ಊರಿನಲ್ಲಿ ಬಡ ಮೆಕ್ಸಿಕನ್ ಅಮೆರಿಕನ್ ಮಕ್ಕಳಿಗೆ ಪಾಠ ಹೇಳಿದವರು ಅವರು. 1965ರ ಏಪ್ರಿಲ್ 11ರಂದು ಶಿಕ್ಷಣ ಕಾಯ್ದೆಗೆ ಸಹಿ ಹಾಕಿದ್ದು ತಾವು ಬಾಲ್ಯದಲ್ಲಿ ಓದಿದ ಏಕೋಪಾಧ್ಯಾಯ ಶಾಲೆಯ ಬಳಿ, ತಮ್ಮ ಮೊದಲ ಶಿಕ್ಷಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಅದೇ ವರ್ಷ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆ ಬಂತು. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. 1870ರ ತಿದ್ದುಪಡಿ ಹಕ್ಕನ್ನು ಸಾರಿತು. 1965ರ ಕಾಯ್ದೆ ಅದನ್ನು ತಡೆಯುತ್ತಿದ್ದ ಓದು ಬರಹದ ಪರೀಕ್ಷೆಗಳನ್ನು ನಿಲ್ಲಿಸಿತು, ನೋಂದಣಿಗೆ ಕೇಂದ್ರದ ಅಧಿಕಾರಿಗಳನ್ನು ಕಳಿಸಿತು, ಹಳೆಯ ಚಾಳಿಯ ಪ್ರದೇಶಗಳು ಚುನಾವಣಾ ನಿಯಮ ಬದಲಿಸುವ ಮೊದಲು ಅನುಮತಿ ಪಡೆಯಬೇಕೆಂದಿತು. ಮಿಸಿಸಿಪ್ಪಿಯಲ್ಲಿ ಕಪ್ಪು ಮತದಾರರ ನೋಂದಣಿ ಶೇ 7ಕ್ಕಿಂತ ಕಡಿಮೆ ಇದ್ದದ್ದು 1967ರ ಹೊತ್ತಿಗೆ ಶೇ 60ರ ಹತ್ತಿರಕ್ಕೆ ಬಂತು.

ಊಹೆ ಮೀರಿದ ಫಲ

1965ರ ಇನ್ನೊಂದು ಕಾಯ್ದೆ ನಮ್ಮ ಮನೆಗಳನ್ನೂ ಮುಟ್ಟಿದೆ. 1946ರ ಕಾನೂನಿನಂತೆ ಭಾರತದಿಂದ ವರ್ಷಕ್ಕೆ 100 ವಲಸಿಗರಿಗೆ ಮಾತ್ರ ಕೋಟಾ ಇತ್ತು. 1965ರ ವಲಸೆ ಕಾಯ್ದೆ ದೇಶವಾರು ಹಳೆಯ ಕೋಟಾಗಳನ್ನು ತೆಗೆದುಹಾಕಿ, ಕುಟುಂಬ ಸಂಬಂಧಕ್ಕೂ ವೃತ್ತಿ ಕೌಶಲಕ್ಕೂ ಆದ್ಯತೆ ಕೊಟ್ಟಿತು. ದೊಡ್ಡ ಬದಲಾವಣೆಯೇನೂ ಆಗದು ಎಂದು ಅದರ ಬೆಂಬಲಿಗರೇ ಹೇಳಿದ್ದರು. ಇಂದು ಅಮೆರಿಕದ ಊರೂರುಗಳಲ್ಲಿರುವ ಕನ್ನಡ ಕೂಟಗಳು ಆ ಬಾಗಿಲಿನಿಂದ ಒಳಹೋದ ವೈದ್ಯರು, ಎಂಜಿನಿಯರುಗಳಿಂದ ಬೆಳೆದವು. ಕಾಯ್ದೆಯ ಫಲವನ್ನು ಸೂತ್ರ ಹಾಕಿ ಮೊದಲೇ ಲೆಕ್ಕ ಹಾಕಲಾಗದು ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ತರಗತಿಯಲ್ಲಿ ಬಳಸುವ ಬಗೆ

1. ಕಪ್ಪುಹಲಗೆಯ ಪಟ್ಟಿಯಲ್ಲಿ ಇಸವಿ ಮತ್ತು ಕಾಯ್ದೆಯ ಜೊತೆಗೆ 'ಜಾರಿ ಮಾಡುವವರು', 'ಪಾಲಿಸದಿದ್ದರೆ' ಎಂಬ ಎರಡು ಖಾಲಿ ಕಾಲಮ್ಮುಗಳಿರಲಿ. ಮಕ್ಕಳು ಗುಂಪುಗಳಲ್ಲಿ ಚರ್ಚಿಸಿ ತುಂಬಲಿ. ಖಾಲಿ ಉಳಿದ ಮನೆಗಳ ಎದುರಿನ ಕಾಯ್ದೆಗಳೇ ಸೋತವು ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

2. ಹಳೆಯ ಪುಸ್ತಕಗಳಲ್ಲಿರುವ 'ನೀಗ್ರೋ' ಪದವನ್ನು ಬಿಟ್ಟು 'ಕಪ್ಪು ಜನರು' ಅಥವಾ 'ಆಫ್ರಿಕನ್ ಅಮೆರಿಕನ್ನರು' ಎನ್ನಬೇಕು.

3. ಮಕ್ಕಳು ನಮ್ಮ ದೇಶದ ಮಾತೆತ್ತದೆ ಇರುವುದಿಲ್ಲ. ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ರದ್ದು ಮಾಡಿತು. ಆದರೂ 1955ರಲ್ಲಿ ಒಂದು ಕಾಯ್ದೆ, 1989ರಲ್ಲಿ ದೌರ್ಜನ್ಯ ತಡೆಯ ಇನ್ನೊಂದು ಕಾಯ್ದೆ ಬೇಕಾದವು. ಇವುಗಳಿಗೂ ಅದೇ ಮೂರು ಪ್ರಶ್ನೆಗಳನ್ನು ಕೇಳಿಸಬೇಕು. ಆದರೆ ಯಾವ ಮಗುವನ್ನೂ ನಿನ್ನ ಅನುಭವ ಹೇಳು ಎಂದು ಎಬ್ಬಿಸಿ ನಿಲ್ಲಿಸಬಾರದು. ಹೇಳಬೇಕೆನಿಸಿದ ಮಗು ತಾನಾಗಿ ಹೇಳುತ್ತದೆ.

4. ಮೌಲ್ಯಮಾಪನಕ್ಕೆ 'ಯಾವ ವರ್ಷ?' ಎನ್ನುವ ಬದಲು 'ಈ ಕಾಯ್ದೆ ಇದ್ದೂ ಯಾಕೆ ಕೆಲಸ ಮಾಡಲಿಲ್ಲ?' ಎಂಬ ಪ್ರಶ್ನೆ ಇರಲಿ.

ಪಟ್ಟಿಯ ಕೊನೆಯ ಸಾಲಿಗೆ 2013 ಎಂದು ಬರೆಯಬೇಕು. ಆ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್, ಯಾವ ಪ್ರದೇಶಗಳು ಮುಂಚಿತ ಅನುಮತಿ ಪಡೆಯಬೇಕೆಂದು ಗುರುತಿಸುತ್ತಿದ್ದ ಸೂತ್ರವನ್ನು ಐದು–ನಾಲ್ಕರ ಬಹುಮತದಿಂದ ರದ್ದು ಮಾಡಿತು. ಅನುಮತಿಯ ನಿಯಮ ಪುಸ್ತಕದಲ್ಲಿ ಉಳಿಯಿತು, ಅದು ಅನ್ವಯವಾಗುವ ಪ್ರದೇಶ ಇಲ್ಲವಾಯಿತು. ಈ ಸಾಲಿನ 'ಜಾರಿ ಮಾಡುವವರು' ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ಮಕ್ಕಳೇ ವಾದಿಸಿ ತೀರ್ಮಾನಿಸಲಿ.